ಶನಿವಾರದ ಸಾಲಿಗೆ ಪಟ್ಟಿ ಎತ್ತಿದ ವರ್ಷಗಳು

ನನ್ನ ಮೊಮ್ಮಗಳು ರೇಣುಕಾಗೆ ಕೆಲಸ ಸಿಕ್ಕಿತು! ಈ ಮಾತನ್ನು ಓಣಿಯವರಿಗೆಲ್ಲ ಹೇಳಿಯಾಯಿತು. ಹಾಲಿನವನಿಗೆ ಎರಡೆರಡು ಸಲ ಹೇಳಿ ಎರಡು ಸಲವೂ ಪೇಡೆ ಕೊಟ್ಟೆನಂತೆ, ಮನೆಯಲ್ಲಿ ನಗುತ್ತಾರೆ. ನಗಲಿ. ಬಳ್ಳಾರಿಯಲ್ಲಿ ಮಕ್ಕಳನ್ನು ಓದಿಸುವ ಒಂದು ಸಂಸ್ಥೆಗೆ ದೇಣಿಗೆ ಕೂಡಿಸುವ ಕೆಲಸ ಅವಳದು. ಅದಕ್ಕೆ ಈಗ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆ, ನನ್ನ ನಾಲಿಗೆಗೆ ಹೊರಳುವುದಿಲ್ಲ. ನಮ್ಮ ಹೊಸಪೇಟೆ ಕಡೆ ನಾವು ಅದನ್ನು ಪಟ್ಟಿ ಎತ್ತುವುದು ಎನ್ನುತ್ತಿದ್ದೆವು. ನಾನು ಜೀವಮಾನವೆಲ್ಲ ಮಾಡಿದ ಕೆಲಸವನ್ನೇ ನನ್ನ ಮೊಮ್ಮಗಳು ಕುರ್ಚಿಯ ಮೇಲೆ ಕೂತು, ಫ್ಯಾನಿನ ಕೆಳಗೆ ಮಾಡುತ್ತಾಳೆ ಎಂದರೆ ನನಗೆ ಹೇಗಾಗಬೇಡ ಹೇಳಿ!

ಮೊದಲನೇ ವಾರ ಮುಗಿಸಿ ಬಂದವಳು ಮುಖ ಸಣ್ಣದು ಮಾಡಿಕೊಂಡು ಕೇಳಿದಳು. "ತಾತ, ಮಂದಿ ಮುಂದ ಕೈ ಚಾಚಾಕ ನಿನಗ ನಾಚಿಕಿ ಆಗ್ತಿದ್ದಿಲ್ಲೇನು?"

"ಆಗ್ತಿತ್ತವಾ. ದಿನಾ ಆಗ್ತಿತ್ತು."

"ಮತ್ತ ಏನ್ ಮಾಡ್ತಿದ್ದಿ?"

"ನಾಚಿಕಿ ಮಾಡಿಕೊಂತನ ಕೇಳ್ತಿದ್ದೆ."

ಇಷ್ಟು ಹೇಳಿದರೆ ಅವಳಿಗೆ ಸಾಲಲಿಲ್ಲ. ಬರೆದು ಕೊಡು, ನಮ್ಮ ಆಫೀಸಿನ ಹುಡುಗರೂ ಓದುತ್ತಾರೆ ಎಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದಲ್ಲಿ ಅವಳೇ ತಿದ್ದಲಿ.

ಅರವತ್ತರ ದಶಕದಲ್ಲಿ ನಾನು ಕಾಲುವೆ ಕೆಲಸದಲ್ಲಿ ಕಲ್ಲು ಹೊರುತ್ತಿದ್ದೆ. ಅಲ್ಲಿನ ಎಂಜಿನಿಯರ್ ಸಾಹೇಬರ ಹೆಂಡತಿ ಸಾರಾಬಾಯಿ. ನಾವೆಲ್ಲ ಅಮ್ಮ ಎಂದೇ ಕರೆಯುತ್ತಿದ್ದೆವು. ಅವರು ಬೊಂಬಾಯಿ ಕಡೆಯವರು, ಮನೆಯಲ್ಲಿ ಮರಾಠಿ, ನಮ್ಮೊಂದಿಗೆ ಪುಸ್ತಕದಿಂದ ಕಲಿತ ಕನ್ನಡ. ಕೂಲಿಗೆ ಬಂದ ಹೆಂಗಸರು ತಮ್ಮ ಹೆಣ್ಣುಮಕ್ಕಳನ್ನು ಗಿಡದ ನೆರಳಿಗೆ ಬಿಟ್ಟು ಹೋಗುತ್ತಿದ್ದರು. ಅಮ್ಮ ಆ ಹುಡುಗಿಯರನ್ನು ತಮ್ಮ ಮನೆಯ ಪಡಸಾಲೆಗೆ ಕರೆದು ಅಕ್ಷರ ಮತ್ತು ಹೊಲಿಗೆ ಕಲಿಸಲು ಹಿಡಿದರು. ಮುಂದೆ ಪಡಸಾಲೆ ಸಾಲದೆ ಕಾಲುವೆ ಪಕ್ಕದ ಓಣಿಯಲ್ಲಿ ಒಂದು ತಗಡಿನ ಮನೆ ಬಾಡಿಗೆಗೆ ಹಿಡಿದು, ಸಣ್ಣದೊಂದು ಟ್ರಸ್ಟು ಮಾಡಿ, ಇಬ್ಬರು ಟೀಚರುಗಳನ್ನು ಇಟ್ಟರು. ಕಸ ಹೊಡೆಯಲು, ನೀರು ತರಲು, ಅಂಚೆ ಕಚೇರಿಗೆ ಓಡಾಡಲು ನನ್ನನ್ನು ಇಟ್ಟುಕೊಂಡರು.

ಅಂಚೆ ಕಚೇರಿ ಎಂದೆನಲ್ಲ, ನಮ್ಮ ಶಾಲೆಯ ಜೀವ ಅಲ್ಲಿತ್ತು. ಅಮ್ಮನ ಜನರ ಹೆಂಗಸರ ಸಂಘವೊಂದು ಬೊಂಬಾಯಿಯಿಂದ ಪ್ರತಿ ತಿಂಗಳು ಮನಿಯಾರ್ಡರು ಕಳಿಸುತ್ತಿತ್ತು. ಅದು ಬಂದರೆ ಟೀಚರುಗಳಿಗೆ ಸಂಬಳ, ತಡವಾದರೆ ಇಬ್ಬರೂ ನನ್ನ ಮುಖ ನೋಡುತ್ತಿದ್ದರು, ನಾನೇ ಇಟ್ಟುಕೊಂಡ ಹಾಗೆ. ವರ್ಷಗಳು ಕಳೆದ ಹಾಗೆ ಆ ಹಣ ಇಳಿಯುತ್ತಾ ಬಂತು. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಅಮ್ಮ ನನ್ನನ್ನು ಕೂರಿಸಿ ಹೇಳಿದರು.

"ಹುಲುಗಪ್ಪ, ಅಲ್ಲಿ ನಮ್ಮ ಜನ ಒಂದೊಂದು ಮನೆಯಾಗಿ ಹಡಗು ಹತ್ತಿ ಬೇರೆ ದೇಶಕ್ಕೆ ಹೋಗುತ್ತಿದ್ದಾರೆ. ಕಳಿಸುವವರೇ ಉಳಿಯುವುದಿಲ್ಲ. ಇನ್ನು ಈ ಶಾಲೆಯನ್ನು ಈ ಊರೇ ಸಾಕಬೇಕು. ಇಲ್ಲವಾದರೆ ಮುಚ್ಚಬೇಕು."

"ಊರು ಸಾಕ್ತೈತಿ ಅಂತೀರಾ ಅಮ್ಮಾ?"

"ಕೇಳದೆ ಹೇಗೆ ಗೊತ್ತಾಗುತ್ತದೆ? ನೀನು ಕೇಳು."

ಹೀಗೆ ನಾನು ಪಟ್ಟಿ ಎತ್ತುವವನಾದೆ. ಒಂದು ಹಳೆಯ ಸೈಕಲ್ಲು, ಒಂದು ರಸೀದಿ ಪುಸ್ತಕ, ಕಾರ್ಬನ್ ಹಾಳೆ. ಕಾಲುವೆ ನೀರು ಬಂದು ನಮ್ಮ ಸೀಮೆ ಹಸಿರಾಗಿ ಹೋಗಿತ್ತು. ಎತ್ತ ನೋಡಿದರೂ ಕಬ್ಬು, ಭತ್ತ, ಬಾಳೆ. ಕಂಪ್ಲಿಯಲ್ಲಿ ಅಕ್ಕಿ ಗಿರಣಿಗಳು, ಸಂಡೂರಿನಿಂದ ಅದಿರಿನ ಲಾರಿಗಳು. ಇಷ್ಟು ದುಡ್ಡು ಹರಿಯುವ ಸೀಮೆಯಲ್ಲಿ ಇಬ್ಬರು ಟೀಚರ ಸಂಬಳ ಯಾವ ಲೆಕ್ಕ ಎಂದುಕೊಂಡು ಹೊರಟೆ.

ಮೊದಲ ದಿನವೇ ಬೈಸಿಕೊಂಡೆ. ಕಮಲಾಪುರದ ಹತ್ತಿರ ಒಬ್ಬ ಕಬ್ಬಿನ ಗೌಡರನ್ನು ಕೇಳಿದ್ದೆ. "ಏನಲೇ, ಕಬ್ಬು ಇನ್ನೂ ಮೊಣಕಾಲಿಗೆ ಬಂದೈತಿ, ನೀ ಆಗ್ಲೇ ಬೆಲ್ಲ ನೆಕ್ಕಾಕ ಬಂದೀಯೇನು?" ಎಂದರು. ಅವರ ಮಾತು ಸರಿಯೇ. ಕಬ್ಬಿನವರನ್ನು ಕಾರ್ಖಾನೆ ಬಿಲ್ಲು ಬಂದ ವಾರದಲ್ಲಿ ಕೇಳಬೇಕು. ಭತ್ತದವರನ್ನು ಕಣದಲ್ಲೇ ಕೇಳಬೇಕು, ಚೀಲ ಗಿರಣಿಗೆ ಹೋದ ಮೇಲೆ ಆ ದುಡ್ಡಿಗೆ ಆಗಲೇ ಮನೆಯಲ್ಲಿ ಹತ್ತು ಜನ ಯಜಮಾನರು ಹುಟ್ಟಿರುತ್ತಾರೆ. ಲಾರಿಯವರನ್ನು ಮರಿಯಮ್ಮನಹಳ್ಳಿಯ ಚಾದಂಗಡಿಯಲ್ಲಿ, ಎರಡನೇ ಚಾ ಕುಡಿದಾದ ಮೇಲೆ ಕೇಳಬೇಕು. ಮೊದಲನೇ ಚಾಕ್ಕೆ ಅವರ ನಿದ್ದೆಯೇ ಬಿಟ್ಟಿರುವುದಿಲ್ಲ. ರೇಣುಕಾ, ನಿನ್ನ ಕಂಪ್ಯೂಟರಿನಲ್ಲಿ ಕೊಡುವವರ ಹೆಸರು, ಊರು ಎಲ್ಲ ಇದೆಯಂತಲ್ಲ, ಅವರ ಕೈಯಲ್ಲಿ ದುಡ್ಡು ಯಾವ ತಿಂಗಳು ಇರುತ್ತದೆ ಎನ್ನುವುದನ್ನೂ ಬರೆದುಕೋ ಮಗಳೇ.

ಕೆಲವರು ದುಡ್ಡು ಕೊಡದೆ ಮಾಲು ಕೊಡುತ್ತಿದ್ದರು. ಕಂಪ್ಲಿಯ ಆಲೆಮನೆಯವರೊಬ್ಬರು ಬೆಲ್ಲದ ಮುದ್ದೆಗಳನ್ನು ಕೊಟ್ಟರು. ಮಸ್ತ್ ಬೆಲ್ಲ! ಬೆಲೆ ಏರಿದಾಗ ಮಾರೋಣ ಎಂದು ನಾನು ದೊಡ್ಡ ವ್ಯಾಪಾರಸ್ಥನ ಹಾಗೆ ಯೋಚಿಸಿ, ಹೊಲಿಗೆ ಕೋಣೆಯ ಅಟ್ಟಕ್ಕೆ ಏರಿಸಿಟ್ಟೆ. ಮಳೆಗಾಲ ಬಂತು. ಬೆಲ್ಲ ಬೆವೆತು, ಕರಗಿ, ಹಲಗೆ ಸಂದಿಯಿಂದ ಇಳಿದು ಹೊಲಿಗೆ ಯಂತ್ರದ ಮೇಲೆ ಸುರಿಯಿತು. ಯಂತ್ರ ಕಚ್ಚಿಕೊಂಡಿತು, ಊರಿನ ಇರುವೆಯೆಲ್ಲ ಶಾಲೆಗೆ ದಾಖಲಾಯಿತು. ಬೈಗುಳ ಕಾದು ನಿಂತೆ. ಅಮ್ಮ ಉಳಿದ ಬೆಲ್ಲಕ್ಕೆ ನೆನೆಸಿದ ಅವಲಕ್ಕಿ, ಕಾಯಿತುರಿ, ಬಾಳೆಹಣ್ಣು ಕಲಸಿ ಮಕ್ಕಳಿಗೆಲ್ಲ ಕೊಟ್ಟರು. ಅದು ಅವರ ಮನೆತನದ ಹರಕೆಯ ತಿಂಡಿ, ಮಲೀದಾ ಎನ್ನುತ್ತಾರೆ. "ಅಮ್ಮಾ, ನಮ್ಮವ್ವ ಮಾಲ್ದಿ ಚಪಾತಿಲೆ ಮಾಡ್ತಾಳ್ರಿ, ನೀವು ಮಾಡಿದ್ದು ತಪ್ಪು" ಎಂದು ಒಂದು ಹುಡುಗಿ ಬಾಯ್ತುಂಬ ತಿನ್ನುತ್ತಲೇ ತಕರಾರು ತೆಗೆದಳು. ಅವಳು ಈರಮ್ಮ, ಬಂಡಿ ಹೊಡೆಯುವವನ ಮಗಳು. ತಕರಾರಿನಲ್ಲೂ ಓದಿನಲ್ಲೂ ಅವಳನ್ನು ಮೀರಿಸಿದವರಿಲ್ಲ.

ಸಂಡೂರಿನ ಗಣಿ ಗುತ್ತಿಗೆದಾರರೊಬ್ಬರು ಒಂದು ಪಕ್ಕಾ ಕೋಣೆಯನ್ನೇ ಕಟ್ಟಿಸಿಕೊಡುತ್ತೇನೆ ಎಂದರು, ಬಾಗಿಲ ಮೇಲೆ ಅವರ ತಂದೆಯ ಹೆಸರು ದೊಡ್ಡದಾಗಿ ಹಾಕಿಸಬೇಕು ಎಂದರು. ಹಾರಿಕೊಂಡು ಬಂದು ಹೇಳಿದೆ. ಅಮ್ಮ ಬೇಡ ಎಂದುಬಿಟ್ಟರು. ಕೊಟ್ಟವರ ಹೆಸರು ತೆಗೆದುಕೊಂಡವರಿಗೆ ತಿಳಿಯಬಾರದು, ಅದು ಅವರ ಹಿರಿಯರಿಂದ ಬಂದ ನಡೆ. "ಆ ಹುಡುಗಿಯರು ದಿನಾ ಒಬ್ಬರ ಹೆಸರಿನ ಕೆಳಗೆ ತಲೆ ತಗ್ಗಿಸಿ ಒಳಗೆ ಬರಬೇಕಾ?" ಎಂದರು. ಗುತ್ತಿಗೆದಾರರು "ಹೆಸರಿಲ್ದ ಯಾವನು ಕೊಡ್ತಾನಲೇ?" ಎಂದು ನಕ್ಕರು. ಕೋಣೆ ಕೈತಪ್ಪಿತು. ಅಮ್ಮ ಮಾಡಿದ್ದು ಸರಿ ಎಂದು ನನಗೆ ಅವತ್ತು ಅನ್ನಿಸಲಿಲ್ಲ, ಇವತ್ತೂ ಪೂರಾ ಅನ್ನಿಸುವುದಿಲ್ಲ. ತಗಡಿನ ಕೆಳಗೆ ಬೇಸಿಗೆಯಲ್ಲಿ ಕೂತು ನೋಡಿದವರಿಗೆ ಗೊತ್ತು.

ಆದರೆ ಹೆಸರಿಲ್ಲದೆ ಕೊಡುವವರೂ ಇದ್ದರು, ಅವರು ಮನೆಯೊಳಗಿದ್ದರು. ಅಮ್ಮನ ಮನೆಯಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಶುಕ್ರವಾರ ಸಂಜೆ ದೀಪ ಹಚ್ಚುವ ಮುಂಚೆ ಅದಕ್ಕೊಂದು ನಾಣ್ಯ ಹಾಕಿ, ಆಮೇಲೆ ಹಚ್ಚುವರು. ಅದನ್ನು ನೋಡಿ ನಾನು ಖಾಲಿ ಹಾಲುಪುಡಿ ಡಬ್ಬಿಗಳಿಗೆ ಸೀಳು ಕೊಯ್ಯಿಸಿ ಮನೆಮನೆಗೆ ಇಟ್ಟು ಬಂದೆ. ಶುಕ್ರವಾರ ನಮ್ಮ ಹೆಂಗಸರೂ ಲಕ್ಷ್ಮಿಗೆ ದೀಪ ಹಚ್ಚುತ್ತಾರಲ್ಲ! ಗಂಡಸರನ್ನು ಕೇಳಿದಾಗ ಹತ್ತು ನೆಪ, ಡಬ್ಬಿಗೆ ಮಾತ್ರ ವಾರ ತಪ್ಪದೆ ನಾಣ್ಯ ಬೀಳುತ್ತಿತ್ತು. ತಿಂಗಳಿಗೊಮ್ಮೆ ಆ ಹೆಂಗಸರ ಎದುರಿಗೇ ತೆರೆದು, ರಸೀದಿ ಬರೆದು ತರುತ್ತಿದ್ದೆ.

ಈಗ ಶನಿವಾರದ ವಿಷಯಕ್ಕೆ ಬರುತ್ತೇನೆ.

ನಮ್ಮ ಶಾಲೆಗೆ ಶನಿವಾರ ರಜೆ, ಭಾನುವಾರ ಪಾಠ. ಅದಕ್ಕೇ ಊರಿನವರು ಶನಿವಾರದ ಸಾಲಿ ಎಂದೇ ಕರೆಯುತ್ತಿದ್ದರು. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಹೊತ್ತು ಮುಳುಗುವವರೆಗೆ ಅಮ್ಮ ಒಲೆ ಹಚ್ಚುತ್ತಿರಲಿಲ್ಲ, ಪೆನ್ನು ಹಿಡಿಯುತ್ತಿರಲಿಲ್ಲ, ದುಡ್ಡು ಮುಟ್ಟುತ್ತಿರಲಿಲ್ಲ. ಸಾವಿರ ರೂಪಾಯಿ ತಂದರೂ ನಾಳೆ ಬನ್ನಿ ಎನ್ನುವರು. ನಮ್ಮಲ್ಲಿ ಶನಿವಾರ ಒಪ್ಪತ್ತು ಇರುವವರು ಮನೆಗೊಬ್ಬರು ಸಿಗುತ್ತಾರೆ. ಹಂಪಿ ಹೊಳೆಯ ಆಚೆಗೆ ಅಂಜನಾದ್ರಿ ಬೆಟ್ಟ, ಆಂಜನೇಯ ಹುಟ್ಟಿದ ಜಾಗ ಎಂದು ನಂಬಿದ ಸೀಮೆ ನಮ್ಮದು. ಅಮ್ಮನದು ಆಂಜನೇಯನ ವ್ರತ, ಅದೂ ಭಾಳ ಕಡಕ್ ವ್ರತ ಎಂದು ನಾನು ತಿಳಿದಿದ್ದೆ. ಯಾರಾದರೂ ಕೇಳಿದರೆ ಹಾಗೇ ಹೇಳುತ್ತಿದ್ದೆ. ಅಮ್ಮನನ್ನು ಕೇಳಬೇಕು ಎಂದು ಹೊಳೆಯಲೇ ಇಲ್ಲ. ಹೊತ್ತು ಮೂಡಿದ್ದನ್ನು ಯಾರಾದರೂ ಯಾಕೆ ಎಂದು ಕೇಳುತ್ತಾರೆಯೇ?

ಕಂಪ್ಲಿಯಲ್ಲಿ ಅಕ್ಕಿ ಗಿರಣಿಯ ವಿರುಪಾಕ್ಷಪ್ಪ ಮತ್ತು ಅವರ ಹೆಂಡತಿ ಪಾರ್ವತಮ್ಮ ಇದ್ದರು. ಪಾರ್ವತಮ್ಮ ಶನಿವಾರ ನೀರೂ ಮುಟ್ಟದವರು. ಅಮ್ಮನ ವ್ರತದ ಮಾತು ನನ್ನಿಂದ ಕೇಳಿ, ತಿಂಗಳಿಗೆ ಒಂದು ಚೀಲ ಅಕ್ಕಿ ಮತ್ತು ಒಬ್ಬ ಟೀಚರ ಸಂಬಳ ಗೊತ್ತು ಮಾಡಿದರು. ಅವರನ್ನು ನೋಡಿ ಇನ್ನೂ ನಾಲ್ಕಾರು ಅಂಗಡಿಯವರು ಸೇರಿದರು. ಬೊಂಬಾಯಿಯ ಹಣ ಪೂರಾ ನಿಂತ ವರ್ಷ ನಮ್ಮ ಶಾಲೆ ನಿಂತಿದ್ದು ಇವರಿಂದ.

ಒಂದು ಶುಕ್ರವಾರ ಮಧ್ಯಾಹ್ನ ಪಾರ್ವತಮ್ಮನೇ ಶಾಲೆ ನೋಡಲು ಬಂದರು. ಕಾಯಿ, ಕುಂಕುಮ, ಹೂವು ತಂದಿದ್ದರು. ಅಮ್ಮನ ಎದುರು ಕೂತು ಬಹಳ ಭಕ್ತಿಯಿಂದ ಕೇಳಿದರು. "ಎಷ್ಟು ಶನಿವಾರ ಹಿಡಿದೀರಿ ಅಮ್ಮಾ? ಇನ್ನ ಎಷ್ಟು ಉಳದಾವ?"

ಅಮ್ಮನಿಗೆ ತಿಳಿಯಲಿಲ್ಲ. "ಉಳಿದಿರುವುದಾ? ಎಲ್ಲಾ ಉಳಿದಿವೆ. ಸಾಯುವ ತನಕ."

"ಅಯ್ ಶಿವನ! ಜನ್ಮಪೂರ್ತಿ?" ಎಂದು ಪಾರ್ವತಮ್ಮ ಅಮ್ಮನ ಕಾಲು ಮುಟ್ಟಲು ಬಗ್ಗಿದರು. ಅಮ್ಮ ಗಾಬರಿಯಾಗಿ ಕಾಲು ಹಿಂದೆ ತೆಗೆದುಕೊಂಡರು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತೆಂದು ಪಾರ್ವತಮ್ಮ ಹೊರಟರು. ಅವರು ಹೋದ ಮೇಲೆ ಅಮ್ಮ ನನ್ನನ್ನು ಕರೆದು ಕೇಳಿದರು. ನಾನು ಹಿಗ್ಗಿನಿಂದ ಆಂಜನೇಯನ ಕಥೆಯನ್ನೆಲ್ಲ ಹೇಳಿದೆ. ಅಮ್ಮ ಮೊದಲು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ನಾವು ಯಹೂದಿಗಳು, ಹುಲುಗಪ್ಪ. ಇದು ನಮ್ಮ ಧರ್ಮದ ವಾರದ ರಜೆ. ಅವರಿಗೆ ಹೇಳಬೇಕು."

ನಾನು ಬೇಡಿಕೊಂಡೆ. "ಅವರು ಕೇಳಿಲ್ಲ, ನೀವು ಹೇಳಿಲ್ಲ. ಹಂಗ ಬಿಡ್ರಿ ಅಮ್ಮಾ. ಕಂಪ್ಲಿ ರೊಕ್ಕ ನಿಂತ್ರ ಮುಂದಿನ ತಿಂಗಳ ಸಾಲಿ ಇರಂಗಿಲ್ಲ. ಈರಮ್ಮಗ ಏಳನೇ ಕ್ಲಾಸಿನ ಪರೀಕ್ಷಿ ಐತಿ. ಸಾಲಿ ಮುಚ್ಚಿದ್ರ ಅವರಪ್ಪ ನಾಳೆನ ಬಾಳಿ ತ್ವಾಟದ ಕೂಲಿಗೆ ಹಚ್ಚತಾನ."

"ಗೊತ್ತು. ಆದರೆ ಅವರು ಯಾರಿಗೆ ಕೊಡುತ್ತಿದ್ದಾರೆ ಅಂತ ಅವರಿಗೆ ಗೊತ್ತಿರಬೇಕು. ಭಾನುವಾರ ಹೋಗೋಣ."

ಭಾನುವಾರ ಇಬ್ಬರೂ ಕಂಪ್ಲಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಆಂಜನೇಯನಿಗೇ ಬೇಡಿಕೊಂಡೆ, ಬೇರೆ ಯಾರನ್ನು ಬೇಡಲಿ? ಗಿರಣಿಯಲ್ಲಿ ಯಂತ್ರದ ಸದ್ದಿಗೆ ಮಾತು ಕೇಳದೆ ವಿರುಪಾಕ್ಷಪ್ಪ ಯಂತ್ರ ನಿಲ್ಲಿಸಲು ಹೇಳಿದರು. ಆ ನಿಶ್ಶಬ್ದದಲ್ಲಿ ಅಮ್ಮ ನೇರವಾಗಿ ಹೇಳಿದರು.

"ಯಹೂದಿ ಅಂದ್ರ ಯಾರ್ರೀ? ಮಾರ್ವಾಡಿಗಳ ಪೈಕಿನಾ?" ಎಂದರು ವಿರುಪಾಕ್ಷಪ್ಪ.

"ಅಲ್ಲ. ನಮ್ಮದೇ ಬೇರೆ ಧರ್ಮ. ದೇವರು ಲೋಕ ಮಾಡಿ ಮುಗಿಸಿ ಒಂದು ದಿನ ಕೈ ಕಟ್ಟಿ ಕೂತ. ಅದಕ್ಕೆ ನಾವೂ ಒಂದು ದಿನ ಎಲ್ಲಾ ಬಿಟ್ಟು ಕೂರುತ್ತೇವೆ. ಆಂಜನೇಯನ ವ್ರತ ಅಲ್ಲ."

ವಿರುಪಾಕ್ಷಪ್ಪ ಹೆಗಲ ಮೇಲಿನ ತೌಡು ಕೊಡವಿಕೊಂಡು ನಕ್ಕರು. "ನಮ್ಮ ಆಂಜನೇಯ ಒಂದು ದಿನಾನೂ ಕೈ ಕಟ್ಟಿ ಕುಂತಾವಲ್ರಿ! ನನಗೇನು ಬ್ಯಾಸರಿಲ್ಲಮ್ಮ. ವಾರಕ್ಕೊಂದು ದಿನ ರೊಕ್ಕ ಮುಟ್ಟದ ಇರಾಕ ಬರೋರು ನಮ್ಮ ರೊಕ್ಕ ತಿನ್ನಂಗಿಲ್ಲ ಅಂಬೋದು ನನ್ನ ಲೆಕ್ಕ. ಆದ್ರ ಕೊಡಾವ ನಾನಲ್ಲ, ನನ್ನ ಹೇಣ್ತಿ. ಆಕಿಗೆ ನೀವ ಹೇಳ್ರಿ. ನನಗ ಧೈರ್ಯ ಇಲ್ಲ."

ಒಳಗೆ ಪಾರ್ವತಮ್ಮ ಎಲ್ಲ ಕೇಳಿದರು. ಮುಖ ಬಾಡಿತು. "ನಾನು ಇದನ್ನ ನನ್ನ ಆಂಜನೇಯನ ವ್ರತದ ಲೆಕ್ಕದಾಗ ಕೂಡಿಸಿ ಕೊಟ್ಟಿದ್ನೆಲ್ಲರಿ ಅಮ್ಮಾ" ಎಂದಷ್ಟೇ ಹೇಳಿ ಅಡುಗೆ ಮನೆಗೆ ಹೋದರು. ಚಾ ಕಳಿಸಿದರು, ತಾವು ಬರಲಿಲ್ಲ. ಉಳಿದ ಅಂಗಡಿಗಳಿಗೂ ಹೋದೆವು. ಇಬ್ಬರು ಆಗಲಿ ಎಂದರು, ಇಬ್ಬರು ನೋಡೋಣ ಎಂದರು. ನಮ್ಮ ಕಸುಬಿನಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ.

ಆ ತಿಂಗಳು ಕಂಪ್ಲಿಯಿಂದ ಚೀಲ ಬರಲಿಲ್ಲ. ಸಾಹೇಬರು ತಮ್ಮ ಪೆನ್ಷನ್ನಿನಿಂದ ಒಬ್ಬ ಟೀಚರಿಗೆ ಕೊಟ್ಟರು, ಇನ್ನೊಬ್ಬರು ಅರ್ಧಕ್ಕೆ ಒಪ್ಪಿಕೊಂಡರು. ಈರಮ್ಮನ ಅಪ್ಪ ಬಂಡಿ ನಿಲ್ಲಿಸಿ, "ಹುಲುಗಪ್ಪಣ್ಣ, ಸಾಲಿ ಇರ್ತೈತೋ ಹೋಗತೈತೋ? ತ್ವಾಟದಾಗ ಆಳು ಕೇಳಾಕತ್ಯಾರ" ಎಂದ. "ಪರೀಕ್ಷಿ ಮುಗೀಲಿ ಮಾರಾಯ" ಎಂದೆ. ಬೇರೇನು ಹೇಳಲಿ? ಡಬ್ಬಿಗಳನ್ನು ತೆರೆಯುತ್ತಾ ಓಣಿ ಓಣಿ ತಿರುಗಿದೆ. ಡಬ್ಬಿ ಇಟ್ಟ ಒಬ್ಬ ಹೆಂಗಸೂ ಅಮ್ಮನ ಜಾತಿ ಕೇಳಲಿಲ್ಲ. ಆದರೆ ಡಬ್ಬಿಯ ನಾಣ್ಯದಿಂದ ಬಾಡಿಗೆ ಹೋಗುತ್ತಿತ್ತು, ಸಂಬಳ ಹೋಗುತ್ತಿರಲಿಲ್ಲ.

ಮುಂದಿನ ತಿಂಗಳ ಒಂದು ಭಾನುವಾರ ಪಾಠ ನಡೆದಾಗ ಗಿರಣಿಯ ಟ್ರ್ಯಾಕ್ಟರು ಬಂದು ಬಾಗಿಲಿಗೆ ನಿಂತಿತು. ಇಳಿದವರು ಪಾರ್ವತಮ್ಮ, ಹಿಂದೆ ಅವರ ಹೊಸ ಸೊಸೆ ಶಾಂತಾ. ಪಾರ್ವತಮ್ಮ ಯಾರನ್ನೂ ಮಾತಾಡಿಸದೆ ಕಡೆಯ ಸಾಲಿನಲ್ಲಿ, ಕೂಲಿಯವರ ಹುಡುಗಿಯರ ನಡುವೆ ಚಾಪೆಯ ಮೇಲೆ ಕೂತುಬಿಟ್ಟರು. ಈರಮ್ಮ ಎದ್ದು ಪಾಠ ಓದುತ್ತಿದ್ದಳು. ಕೊನೆಯವರೆಗೂ ಕೇಳಿದರು. ಆಮೇಲೆ ಎದ್ದು ಅಮ್ಮನ ಬಳಿ ಬಂದರು.

"ಭಾಳ ಸಿಟ್ಟು ಬಂದಿತ್ತ್ರಿ ನಿಮ್ಮ ಮ್ಯಾಲ. ಹೇಳದಿದ್ರ ನನಗ ಎಲ್ಲಿ ತಿಳೀತಿತ್ತು, ಯಾಕ ಹೇಳಿದ್ರು ಈ ಹೆಣ್ಮಗಳು ಅಂತ. ಆಮ್ಯಾಲ ಅದನ್ನ ತಿರುಗಿ ತಿರುಗಿ ಯೋಚನಿ ಮಾಡಿದೆ. ಹೇಳದಿದ್ರ ತಿಳೀತಿದ್ದಿಲ್ಲ. ಆದ್ರೂ ಬಂದು ಹೇಳಿದ್ರಿ." ಹಾಗೆಂದು ಸೊಸೆಯನ್ನು ಮುಂದಕ್ಕೆ ನೂಕಿದರು. "ಇಕಿಗೆ ಓದಾಕ ಬರಂಗಿಲ್ಲ. ಗಿರಣಿ ಲೆಕ್ಕ ನೋಡಾಕ ಮನ್ಯಾಗ ಒಂದು ಹೆಣ್ಣು ಬೇಕು ನನಗ. ಕಲಿಸ್ತೀರೇನು?"

"ಇಲ್ಲೇ, ಇವರೊಂದಿಗೇ ಕೂರಬೇಕು" ಎಂದರು ಅಮ್ಮ.

"ನಾನ ಕುಂತೆ, ಆಕಿಗೇನು ದಾಡಿ?"

ಟ್ರ್ಯಾಕ್ಟರಿನಲ್ಲಿ ಎರಡು ತಿಂಗಳ ಅಕ್ಕಿ ಇತ್ತು. ಇಳಿಸುವಾಗ ನನ್ನ ಬೆನ್ನು ಹಿಡಿಯಿತು. ಅಂಥ ಸಂತೋಷದ ಬೆನ್ನುನೋವು ಮತ್ತೆ ಬರಲಿಲ್ಲ. ನೋಡೋಣ ಎಂದ ಇಬ್ಬರು ಅಂಗಡಿಯವರು ಮಾತ್ರ ತಿರುಗಿ ಬರಲೇ ಇಲ್ಲ. ಎದುರು ಸಿಕ್ಕರೆ ನಮಸ್ಕಾರ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ಈರಮ್ಮ ಪಾಸಾದಳು, ಮುಂದೆ ಟೀಚರ್ ತರಬೇತಿ ಮುಗಿಸಿ ನಮ್ಮ ಶಾಲೆಗೇ ಬಂದಳು. ಶಾಂತಾ ಓದು ಕಲಿತಳು. ಆಮೇಲೆ ಅತ್ತೆಗೂ ಮನೆಯಲ್ಲಿ ಕೂರಿಸಿ ಕಲಿಸಿದಳಂತೆ, ಬೈದು ಬೈದು.

ತೊಂಬತ್ತರ ದಶಕಕ್ಕೆ ಬರುವಾಗ ಎಲ್ಲ ಬದಲಾಗಿತ್ತು. ನನಗೆ ಸೈಕಲ್ಲಿನ ಬದಲು ಮೊಪೆಡ್ಡು ಬಂತು. ಜನ ಚೆಕ್ಕು ಕೊಡಲು ಕಲಿತರು, ನಾನು ಚೆಕ್ಕಿನಲ್ಲಿ ಸಹಿ ಇದೆಯೇ ಎಂದು ನೋಡುವುದನ್ನು ಎರಡು ಸಲ ಮೋಸಹೋದ ಮೇಲೆ ಕಲಿತೆ. ಆ ಹೊತ್ತಿಗೆ ಸಾಹೇಬರಿಗೆ ಆರೋಗ್ಯ ಕೆಟ್ಟು, ಅಮ್ಮ ಅವರನ್ನು ಕರೆದುಕೊಂಡು ಪುಣೆಯ ಮಗಳ ಮನೆಗೆ ಹೊರಟರು. ಹೋಗುವ ಮುಂಚೆ ಟ್ರಸ್ಟನ್ನು ಪಾರ್ವತಮ್ಮ ಮತ್ತು ಈರಮ್ಮ ಟೀಚರ ಹೆಸರಿಗೆ ಮಾಡಿದರು. ಬ್ಯಾಂಕಿನಲ್ಲಿ ಇಬ್ಬರ ಸಹಿ ಬೇಕು. ಅಮ್ಮ ಹೋದರೆ ಈ ಶಾಲೆಯ ಕಥೆ ಮುಗಿಯಿತು ಎಂದು ಊರಿನಲ್ಲಿ ಮಾತಾಡಿಕೊಂಡರು. ನನಗೂ ಒಳಗೊಳಗೆ ಅದೇ ಭಯ.

ಅಮ್ಮ ಇಲ್ಲದ ಮೊದಲ ಸಂಬಳದ ದಿನ. ಪಾರ್ವತಮ್ಮ ಮೊಮ್ಮಕ್ಕಳ ಮೊದಲ ಕೂದಲು ತೆಗೆಸುವ ಜಾವಳ, ಗಿರಣಿಯ ರಿಪೇರಿ ಎಂದು ತಿರುಗಾಡಿ ಕಡೆಗೆ ಬಿಡುವು ಮಾಡಿಕೊಂಡು ಕಂಪ್ಲಿಯಿಂದ ಬಂದರು. ಸಂಬಳದ ಗಡಿಬಿಡಿಯಲ್ಲಿ ಮೂವರಿಗೂ ವಾರದ ಲೆಕ್ಕ ತಪ್ಪಿತ್ತು, ಬ್ಯಾಂಕಿಗೆ ಹೋದೆವು. ಮ್ಯಾನೇಜರು ಹೊಸಬರು, ಒಳ್ಳೆಯ ಮನುಷ್ಯ. ಕಾಗದಗಳನ್ನೆಲ್ಲ ತಯಾರು ಮಾಡಿ, ಸಹಿ ಮಾಡಿದರೆ ಈಗಲೇ ದುಡ್ಡು ಎಂದು ಪೆನ್ನು ಕೊಟ್ಟರು. ಪಾರ್ವತಮ್ಮ ಪೆನ್ನು ಹಿಡಿದವರು ಗೋಡೆಯ ಕ್ಯಾಲೆಂಡರು ನೋಡಿದರು. ಬಾಯಿಬಿಟ್ಟು ಅಕ್ಷರ ಕೂಡಿಸಿ ಓದಿದರು. ಪೆನ್ನು ಕೆಳಗಿಟ್ಟರು.

"ಇವತ್ತು ಶನಿವಾರ ಐತೆಲ್ಲರಿ. ಸ್ವಾಮಾರ ಬರ್ತೀವಿ."

ಮ್ಯಾನೇಜರು ಗಡಿಯಾರ ನೋಡಿದರು. "ಇನ್ನೂ ಟೈಮ್ ಇದೆಯಲ್ಲಮ್ಮ. ಯಾಕೆ, ನಿಮ್ಮದು ಶನಿವಾರದ ವ್ರತವೇ?"

"ಐತ್ರಿ, ಅದು ಬ್ಯಾರೆ. ಇದು ನಮ್ಮ ಸಾಲಿದು."

"ಆ ಶಾಲೆ ಮಾಡಿದ ಅಮ್ಮ ಊರು ಬಿಟ್ಟು ಹೋದರಂತಲ್ಲ?"

"ಅವರು ಹೋದ್ರ ಶನಿವಾರ ಹೋಗತೈತೇನ್ರಿ?" ಎಂದವರೇ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಈರಮ್ಮ ಟೀಚರು ಚೆಕ್ಕು ಪುಸ್ತಕವನ್ನು ಮಡಿಚಿ ಚೀಲಕ್ಕೆ ಹಾಕಿದಳು. ಮೆಟ್ಟಿಲಿಳಿಯುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಸೋಮವಾರ ಪಾರ್ವತಮ್ಮ ಮತ್ತೆ ಕಂಪ್ಲಿಯಿಂದ ಬಸ್ಸು ಹತ್ತಿ ಬಂದರು. ಸಂಬಳ ಎರಡು ದಿನ ತಡವಾಯಿತು. ಟೀಚರುಗಳಲ್ಲಿ ಒಬ್ಬರೂ ಯಾಕೆ ಎಂದು ಕೇಳಲಿಲ್ಲ.